ಮೊದಲು ಮಗು, ಆಮೇಲೆ ವಲಸಿಗ: ನೆಲೆ ತಪ್ಪಿದ ಮಕ್ಕಳನ್ನು ಕಾಯುವ ಕೆಲಸ ಹೇಗೆ ನಡೆಯುತ್ತದೆ?

ಯುದ್ಧ, ಹಿಂಸೆಗೆ ಹೆದರಿ ಮನೆ ಬಿಟ್ಟು ಓಡಿದವರ ಲೆಕ್ಕ ತೆಗೆದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಜಗತ್ತಿನ ಜನಸಂಖ್ಯೆಯಲ್ಲಿ 18 ತುಂಬದವರು ಹೆಚ್ಚುಕಡಿಮೆ ಶೇ 30ರಷ್ಟಿದ್ದಾರೆ. ಆದರೆ ನೆಲೆ ತಪ್ಪಿದವರಲ್ಲಿ ಅವರ ಪಾಲು ಶೇ 40. 2024ರ ಕೊನೆಗೆ ಹೀಗೆ ನೆಲೆ ತಪ್ಪಿದವರು ಒಟ್ಟು 12.3 ಕೋಟಿ ಜನ. ಅವರಲ್ಲಿ ಸುಮಾರು 4.9 ಕೋಟಿ ಮಕ್ಕಳು. ಕೆಲಸ ಹುಡುಕಿಕೊಂಡು ಗುಳೆ ಹೊರಟ ಅಪ್ಪ ಅಮ್ಮನ ಜೊತೆ ಹೋದ ಮಕ್ಕಳು ಈ ಲೆಕ್ಕಕ್ಕೆ ಸೇರಿಲ್ಲ.

ಈ ಮಕ್ಕಳನ್ನು ರಕ್ಷಿಸಬೇಕು ಅಂದ ಕೂಡಲೇ ನಮಗೆ ನೆನಪಾಗುವುದು ಡೇರೆ, ಕಂಬಳಿ, ಊಟದ ಪೊಟ್ಟಣ, ಲಸಿಕೆ. ಇವೆಲ್ಲ ಬೇಕೇ ಬೇಕು. ಆದರೆ ಅದು ಪರಿಹಾರದ ಕೆಲಸ. ರಕ್ಷಣೆಯ ಕೆಲಸ ಬೇರೆ. ಮಗುವನ್ನು ಯಾರೂ ಹೊಡೆಯದಂತೆ, ಮಾರದಂತೆ, ದುಡಿಸದಂತೆ, ಚಿಕ್ಕ ವಯಸ್ಸಿಗೇ ಮದುವೆ ಮಾಡಿ ಕಳಿಸದಂತೆ, ಮನೆಯವರಿಂದ ಬೇರೆ ಮಾಡದಂತೆ, ಕೂಡಿಹಾಕದಂತೆ ನೋಡಿಕೊಳ್ಳುವುದು ರಕ್ಷಣೆ. ಹೊರಗಿನಿಂದ ನೋಡಿದರೆ ಇದರಲ್ಲಿ ಫೋಟೊಗೆ ಸಿಗುವಂಥದ್ದು ಏನೂ ಇರುವುದಿಲ್ಲ. ಫಾರಂ ತುಂಬುವುದು, ಫೋನ್ ಮಾಡುವುದು, ಮಗುವಿನ ಎದುರು ಕೂತು ಅದರ ಮಾತು ಕೇಳುವುದು, ಕೋರ್ಟಿಗೆ ಜೊತೆಗೆ ಹೋಗುವುದು. ಬಹುಪಾಲು ಕೆಲಸ ಇಂಥದ್ದೇ. ಆದರೆ ಮಗುವಿನ ಮುಂದಿನ ಬದುಕು ನಿಂತಿರುವುದು ಇದರ ಮೇಲೆ.

ಕಾನೂನಿನ ಕಣ್ಣಿಗೆ ಈ ಮಕ್ಕಳೆಲ್ಲ ಒಂದೇ ಅಲ್ಲ. ತೊಡಕು ಶುರುವಾಗುವುದೇ ಇಲ್ಲಿ. ಜೀವಭಯದಿಂದ ಗಡಿ ದಾಟಿದ ಮಗು ನಿರಾಶ್ರಿತ ಮಗು. ಅದಕ್ಕೆ 1951ರ ನಿರಾಶ್ರಿತರ ಒಪ್ಪಂದದ ಆಸರೆ ಇದೆ. ಅದೇ ಭಯದಿಂದ ಓಡಿಯೂ ತನ್ನ ದೇಶದ ಒಳಗೇ ಉಳಿದ ಮಗುವಿಗೆ ಆ ಒಪ್ಪಂದ ಅನ್ವಯಿಸುವುದಿಲ್ಲ. ಇಂಥವರಿಗಾಗಿ ವಿಶ್ವಸಂಸ್ಥೆ 1998ರಲ್ಲಿ ಮಾರ್ಗದರ್ಶಿ ಸೂತ್ರಗಳನ್ನು ತಂದಿತು, ಆದರೆ ಅವು ಯಾವ ದೇಶವನ್ನೂ ಕಟ್ಟಿಹಾಕುವುದಿಲ್ಲ. ಆಫ್ರಿಕಾದ ದೇಶಗಳು 2009ರಲ್ಲಿ ಕಂಪಾಲಾದಲ್ಲಿ ಇದಕ್ಕೆಂದೇ ಕಟ್ಟುನಿಟ್ಟಿನ ಒಪ್ಪಂದ ಮಾಡಿಕೊಂಡವು. ಅದು 2012ರಲ್ಲಿ ಜಾರಿಗೆ ಬಂತು. ಇನ್ನು ಬಡತನದಿಂದಲೋ, ಬರದಿಂದಲೋ ಹೊರಟ ಕುಟುಂಬದ ಮಗುವಿಗೆ ಇಷ್ಟು ಆಸರೆಯೂ ಸಿಗುವುದು ಕಷ್ಟ.

ಈ ಗೋಡೆಗಳನ್ನೆಲ್ಲ ದಾಟಿ ನಿಲ್ಲುವುದು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ. 196 ದೇಶಗಳು ಇದನ್ನು ಒಪ್ಪಿಕೊಂಡಿವೆ. ವಿಶ್ವಸಂಸ್ಥೆಯ ಸದಸ್ಯರಲ್ಲಿ ಅನುಮೋದಿಸದೆ ಉಳಿದಿರುವುದು ಅಮೆರಿಕ ಒಂದೇ. ಮಗುವಿನ ಪಾಸ್‌ಪೋರ್ಟ್ ಯಾವುದು, ವೀಸಾ ಇದೆಯೋ ಇಲ್ಲವೋ ಅಂತ ಈ ಒಡಂಬಡಿಕೆ ಕೇಳುವುದಿಲ್ಲ. ಒಂದು ದೇಶದ ಆಡಳಿತಕ್ಕೆ ಒಳಪಟ್ಟ ಪ್ರತಿ ಮಗುವಿಗೂ ಅದರ ಹಕ್ಕುಗಳು ಸಲ್ಲುತ್ತವೆ ಅನ್ನುತ್ತದೆ 2ನೇ ವಿಧಿ. ಮಗುವಿನ ಬಗ್ಗೆ ಏನೇ ತೀರ್ಮಾನ ಮಾಡಿದರೂ ಅದರ ಹಿತಕ್ಕೆ ಆದ್ಯತೆ ಕೊಡಿ ಅನ್ನುತ್ತದೆ 3ನೇ ವಿಧಿ. ಮಗುವಿನ ಮಾತನ್ನೂ ಕೇಳಿ ಅನ್ನುತ್ತದೆ 12ನೇ ವಿಧಿ.

ಇದು ಕಾಗದದ ಮೇಲಿನ ಮಾತು. ನೆಲದ ಮೇಲೆ ಇದರ ಅರ್ಥವೇನು? ಗಡಿಯಲ್ಲಿ ಸಿಕ್ಕ ಹುಡುಗನನ್ನು ಒಬ್ಬ ಅಧಿಕಾರಿ ಕೇಳುತ್ತಾನೆ: "ಹೇಗೆ ಒಳಗೆ ಬಂದೆ?" ಇನ್ನೊಬ್ಬಳು ಕೇಳುತ್ತಾಳೆ: "ನಿನ್ನ ಜೊತೆ ಯಾರಿದ್ದಾರೆ?" ಹುಡುಗ ಅವನೇ, ಜಾಗವೂ ಅದೇ. ಮೊದಲ ಪ್ರಶ್ನೆ ಅವನನ್ನು ಪೊಲೀಸ್ ಕಡತಕ್ಕೆ ಒಯ್ಯುತ್ತದೆ. ಎರಡನೆಯದು ಅವನ ಮನೆಯವರ ಕಡೆಗೆ. ಯಾವ ಪ್ರಶ್ನೆ ಮೊದಲು ಬರುತ್ತದೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಈ ಕ್ಷೇತ್ರದ ಅಷ್ಟೂ ಜಗಳ ನಡೆಯುವುದು ಇದರ ಸುತ್ತಲೇ ಅಂತ ನನಗನ್ನಿಸುತ್ತದೆ.

ಮಕ್ಕಳು ಮನೆಯವರಿಂದ ತಪ್ಪಿಹೋಗುವುದು ಹೇಗೆ ಅಂತ ಮೊದಲು ನೋಡೋಣ. ಗುಂಪಿನಲ್ಲಿ ಕೈ ಬಿಟ್ಟುಹೋಗುವುದು ಒಂದು ದಾರಿ. ಅಮ್ಮ ಒಂದು ಬಸ್ಸು, ಮಗು ಇನ್ನೊಂದು ಬಸ್ಸು ಹತ್ತಿರುತ್ತಾರೆ. ಗಾಯಗೊಂಡ ಮಗುವನ್ನು ಯಾರೋ ಆಸ್ಪತ್ರೆಗೆ ಎತ್ತಿಕೊಂಡು ಹೋಗಿರುತ್ತಾರೆ, ಅಮ್ಮನಿಗೆ ಯಾವ ಆಸ್ಪತ್ರೆ ಅಂತ ಹೇಳುವವರಿಲ್ಲ. ದಾರಿಖರ್ಚಿಗೆ ಇದ್ದ ದುಡ್ಡು ಒಬ್ಬರಿಗೆ ಮಾತ್ರ ಸಾಕಾಗುತ್ತದೆ, ಮನೆಯವರೇ ದೊಡ್ಡ ಮಗನನ್ನು ಮುಂದೆ ಕಳಿಸುತ್ತಾರೆ. ಇಷ್ಟೇ ಅಲ್ಲ. ಒಳ್ಳೆಯ ಮನಸ್ಸಿನವರೂ ಮಕ್ಕಳನ್ನು ಬೇರೆ ಮಾಡುತ್ತಾರೆ. ಅಳುತ್ತಾ ನಿಂತ ಮಗುವನ್ನು ಕಂಡವರು, ಪಾಪ ಯಾರೂ ಇಲ್ಲ ಅಂದುಕೊಂಡು ಎತ್ತಿಕೊಂಡು ಹೊರಟುಬಿಡುತ್ತಾರೆ. ಹತ್ತು ನಿಮಿಷದ ನಂತರ ಅಮ್ಮ ಅದೇ ಜಾಗಕ್ಕೆ ಹುಡುಕಿಕೊಂಡು ಬಂದಿರುತ್ತಾಳೆ.

2010ರ ಜನವರಿಯಲ್ಲಿ ಹೈಟಿಯಲ್ಲಿ ದೊಡ್ಡ ಭೂಕಂಪವಾಯಿತು. ಅದಾಗಿ ಕೆಲವೇ ವಾರದಲ್ಲಿ ಅಮೆರಿಕದ ಹತ್ತು ಜನರ ಒಂದು ತಂಡ 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಪಕ್ಕದ ಡೊಮಿನಿಕನ್ ರಿಪಬ್ಲಿಕ್‌ಗೆ ಹೊರಟಿತ್ತು. ಗಡಿಯಲ್ಲಿ ಪೊಲೀಸರು ತಡೆದರು. ಇವರೆಲ್ಲ ಅನಾಥರು ಅಂತ ಹೇಳಲಾಗಿತ್ತು. ವಿಚಾರಿಸಿದರೆ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದರು. ಅದಕ್ಕೇ ವಿಪತ್ತು, ಯುದ್ಧದ ಬಿಸಿ ಆರುವ ತನಕ ದತ್ತು ಕೊಡಬಾರದು ಅಂತ ಮಕ್ಕಳ ರಕ್ಷಣೆಯಲ್ಲಿ ಕೆಲಸ ಮಾಡುವವರು ಪಟ್ಟು ಹಿಡಿಯುತ್ತಾರೆ. ಅಪ್ಪ ಅಮ್ಮ ಕಾಣುತ್ತಿಲ್ಲ ಅಂದರೆ ಅವರು ಇಲ್ಲ ಅಂತಲ್ಲ. ಹುಡುಕಿ ನೋಡದೆ ಯಾವ ಮಗುವನ್ನೂ ಅನಾಥ ಅಂತ ಬರೆಯುವ ಹಾಗಿಲ್ಲ.

ಹುಡುಕುವುದು ಹೇಗೆ? ಹತ್ತು ವರ್ಷದ ಮಗುವಾದರೆ ಹೆಸರು, ಊರು, ಅಪ್ಪನ ಫೋನ್ ನಂಬರ್ ಹೇಳೀತು. ನಾಲ್ಕು ವರ್ಷದ್ದಾದರೆ? "ಅಮ್ಮನ ಹೆಸರೇನು?" ಅಂದರೆ "ಅಮ್ಮ" ಅನ್ನುತ್ತದೆ. "ಯಾವ ಊರು?" ಅಂದರೆ "ನಮ್ಮ ಊರು." ಇಲ್ಲಿ ಕೆಲಸ ಗೊತ್ತಿರುವವರಿಗೂ ಗೊತ್ತಿಲ್ಲದವರಿಗೂ ಇರುವ ವ್ಯತ್ಯಾಸ ಕಾಣುತ್ತದೆ. ಗೊತ್ತಿಲ್ಲದವರು ಫಾರಂನಲ್ಲಿ 'ಮಾಹಿತಿ ಇಲ್ಲ' ಅಂತ ಬರೆದು ಮುಂದಿನ ಮಗುವನ್ನು ಕರೆಯುತ್ತಾರೆ. ಗೊತ್ತಿರುವವರು ನೆಲದ ಮೇಲೆ ಮಗುವಿನ ಮಟ್ಟಕ್ಕೆ ಕೂತು ಬೇರೆ ಥರ ಕೇಳುತ್ತಾರೆ. ಪಕ್ಕದ ಮನೆಯವರು ನಿಮ್ಮಮ್ಮನನ್ನ ಏನಂತ ಕರೀತಿದ್ರು? ಬಾಗಿಲಲ್ಲಿ ನಿಂತರೆ ಏನು ಕಾಣಿಸ್ತಿತ್ತು, ಗುಡ್ಡವೋ, ನದಿಯೋ, ರೈಲೋ? ಅಪ್ಪ ಕೆಲಸಕ್ಕೆ ಹೋಗುವಾಗ ಕೈಯಲ್ಲಿ ಏನು ಹಿಡ್ಕೊಂಡು ಹೋಗ್ತಿದ್ದ? ರಾತ್ರಿ ಯಾರ ಪಕ್ಕ ಮಲಗ್ತಿದ್ದೆ? ಮನೇಲಿ ನಿನ್ನನ್ನ ಏನಂತ ಕೂಗ್ತಿದ್ರು? ಮಾತಾಡದ ಮಗುವಿಗೆ ಬಣ್ಣದ ಪೆನ್ಸಿಲ್ ಕೊಡುತ್ತಾರೆ. ಅದು ಬರೆದ ಮನೆಯ ಪಕ್ಕದಲ್ಲಿ ಒಂದು ಗೋಪುರ ಇದ್ದರೆ ಅದೂ ಕಡತಕ್ಕೆ ಸೇರುತ್ತದೆ.

ಮೈಮೇಲಿನ ಬಟ್ಟೆ ಎಷ್ಟೇ ಕೊಳಕಾಗಿದ್ದರೂ ಎಸೆಯುವಂತಿಲ್ಲ. ಸಿಕ್ಕಾಗ ಹೇಗಿತ್ತೋ ಹಾಗೇ ಫೋಟೊ ತೆಗೆದು, ಬಟ್ಟೆ, ಕೈಗೆ ಕಟ್ಟಿದ ದಾರ, ಜೇಬಿನಲ್ಲಿದ್ದ ಚೀಟಿ ಎಲ್ಲ ಎತ್ತಿಡಬೇಕು. ಆ ಅಂಗಿಯ ಗುಂಡಿ ಹೊಲಿದದ್ದು ಅಮ್ಮ. ಮುಖದ ಫೋಟೊ ಮಸುಕಾಗಿದ್ದರೂ ಅವಳು ಅಂಗಿ ಗುರುತಿಸುತ್ತಾಳೆ. ಮಗುವನ್ನು ಕರೆತಂದವರನ್ನೂ ಸುಮ್ನೆ ಕಳಿಸಬಾರದು. ಎಲ್ಲಿ ಸಿಕ್ಕಿತು, ಯಾವಾಗ, ಜನ ಯಾವ ಕಡೆಗೆ ಓಡುತ್ತಿದ್ದರು ಅಂತ ಬರೆದುಕೊಳ್ಳಬೇಕು. ಇದೆಲ್ಲ ಮೊದಲ ದಿನವೇ ಆಗಬೇಕು. ಒಂದು ವಾರ ಬಿಟ್ಟು ಕೇಳಿದರೆ ಅರ್ಧ ಮರೆತಿರುತ್ತದೆ, ಕರೆತಂದವರು ಎಲ್ಲೋ ಹೋಗಿರುತ್ತಾರೆ.

ಈ ವಿದ್ಯೆ ಹಳೆಯದು. ಯುದ್ಧದಲ್ಲಿ ಕಾಣೆಯಾದವರ ಸುದ್ದಿ ಮನೆಗೆ ಮುಟ್ಟಿಸುವ ಕಚೇರಿಯನ್ನು ರೆಡ್‌ಕ್ರಾಸ್ 1870ರಲ್ಲೇ ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ ತೆರೆದಿತ್ತು. ಆಗ ಹುಡುಕಿದ್ದು ಸೈನಿಕರನ್ನು. ಮಕ್ಕಳ ವಿಷಯದಲ್ಲಿ ದೊಡ್ಡ ಪರೀಕ್ಷೆ ಬಂದದ್ದು 1994ರಲ್ಲಿ, ರುವಾಂಡಾದ ನರಮೇಧದ ನಂತರ. ಆ ದೇಶದಲ್ಲೂ ನೆರೆಯ ದೇಶಗಳ ಶಿಬಿರಗಳಲ್ಲೂ ಸುಮಾರು ಒಂದು ಲಕ್ಷ ಮಕ್ಕಳು ಮನೆಯವರಿಂದ ತಪ್ಪಿಹೋಗಿದ್ದರು. ರೆಡ್‌ಕ್ರಾಸ್, ಯುನಿಸೆಫ್, ಸೇವ್ ದ ಚಿಲ್ಡ್ರನ್ ಥರದ ಸಂಸ್ಥೆಗಳು ಒಂದೊಂದೇ ಮಗುವಿನ ಹೆಸರು ಬರೆದವು. ಹೆಸರು ಹೇಳಲಾಗದ ಪುಟ್ಟ ಮಕ್ಕಳ ಫೋಟೊ ತೆಗೆದು ಶಿಬಿರಗಳಲ್ಲಿ ಜನರಿಗೆ ತೋರಿಸಿದರು. ಸಾವಿರಾರು ಮಕ್ಕಳು ಹೀಗೆ ಮನೆಯವರ ಕೈ ಸೇರಿದರು.

ಯಾರೋ ಬಂದು "ಇದು ನನ್ನ ಮಗು" ಅಂದ ಮಾತ್ರಕ್ಕೆ ಕೊಟ್ಟು ಕಳಿಸುವುದೂ ತಪ್ಪು. ಮಕ್ಕಳ ಕಳ್ಳರು ಕಾಯುವುದು ಇಂಥ ಹೊತ್ತಿಗೇ. ಬಂದವರನ್ನೂ ಮಗುವನ್ನೂ ಬೇರೆ ಬೇರೆ ಕೂರಿಸಿ ಅದೇ ಪ್ರಶ್ನೆಗಳನ್ನು ಕೇಳಿ ತಾಳೆ ನೋಡುತ್ತಾರೆ. ಮನೆ ಸೇರಿದ ಮೇಲೂ ಹೋಗಿ ವಿಚಾರಿಸುತ್ತಾರೆ. ಕೆಲವು ಮಕ್ಕಳು ಮನೆ ಬಿಟ್ಟದ್ದೇ ಮನೆಯೊಳಗಿನ ಹೊಡೆತ ತಾಳಲಾರದೆ. ಅಂಥ ಮಗುವನ್ನು ಒಂದೂ ಮಾತು ಕೇಳದೆ ವಾಪಸ್ ಕಳಿಸುವುದನ್ನು ರಕ್ಷಣೆ ಅನ್ನಲಾಗದು.

ರುವಾಂಡಾದಲ್ಲಿ ಆದದ್ದರ ತದ್ವಿರುದ್ಧ ಚಿತ್ರ ಕಂಡದ್ದು 2018ರಲ್ಲಿ, ಅಮೆರಿಕ ಮತ್ತು ಮೆಕ್ಸಿಕೊ ಗಡಿಯಲ್ಲಿ. ಅನುಮತಿ ಇಲ್ಲದೆ ಗಡಿ ದಾಟಿದ ದೊಡ್ಡವರೆಲ್ಲರ ಮೇಲೂ ಕ್ರಿಮಿನಲ್ ಕೇಸು ಹಾಕುತ್ತೇವೆ ಅಂತ ಅಮೆರಿಕ ಸರ್ಕಾರ ಆ ಏಪ್ರಿಲ್‌ನಲ್ಲಿ ಘೋಷಿಸಿತು. ಅಪ್ಪ ಅಮ್ಮ ಒಂದು ಇಲಾಖೆಯ ಕೈಗೆ, ಮಕ್ಕಳು ಇನ್ನೊಂದು ಇಲಾಖೆಯ ಕೈಗೆ ಹೋದರು. ಯಾವ ಮಗು ಯಾರದ್ದು ಅಂತ ಎರಡೂ ಇಲಾಖೆಗಳ ದಾಖಲೆಗಳನ್ನು ಜೋಡಿಸುವ ಸರಿಯಾದ ವ್ಯವಸ್ಥೆಯೇ ಇರಲಿಲ್ಲ. ಜೂನ್‌ನಲ್ಲಿ ಈ ಕ್ರಮ ನಿಂತಿತು, ಒಂದು ಮಾಡಿ ಅಂತ ಕೋರ್ಟ್ ಆದೇಶವೂ ಬಂತು. ಅಷ್ಟರಲ್ಲಿ ಎಷ್ಟೋ ತಂದೆ ತಾಯಂದಿರನ್ನು ಅವರ ದೇಶಕ್ಕೆ ಕಳಿಸಿ ಆಗಿತ್ತು. 2017 ಮತ್ತು 2018ರಲ್ಲಿ ಹೀಗೆ ಬೇರೆಯಾದ ಮಕ್ಕಳು 5,000ಕ್ಕೂ ಜಾಸ್ತಿ. ಅಪ್ಪ ಅಮ್ಮನನ್ನು ಹುಡುಕುವ ಕೆಲಸ ವರ್ಷಗಟ್ಟಲೆ ಎಳೆಯಿತು. ರುವಾಂಡಾದಲ್ಲಿ ದೇಶವೇ ಕುಸಿದುಬಿದ್ದಿತ್ತು, ಆದರೂ ಜನ ಬರೆದಿಟ್ಟುಕೊಂಡರು. ಇಲ್ಲಿ ದುಡ್ಡಿತ್ತು, ಕಂಪ್ಯೂಟರ್ ಇತ್ತು. ಯಾವ ಮಗುವಿಗೆ ಯಾರು ಅಂತ ಬರೆದಿಡುವುದು ಯಾರ ಜವಾಬ್ದಾರಿಯೂ ಆಗಿರಲಿಲ್ಲ.

ಯಾರೂ ಸಿಗದ ಮಗುವಿಗೆ, ಅಥವಾ ಸಿಗುವ ತನಕ, ಅದರ ಪರವಾಗಿ ನಿಲ್ಲುವ ಒಬ್ಬರು ಬೇಕು. ಗಾರ್ಡಿಯನ್ ಅಂದರೆ ಅದೇ. ವಕೀಲರು ಕೇಸು ನೋಡಿಕೊಳ್ಳುತ್ತಾರೆ, ಸಾಕುವ ಮನೆಯವರು ಊಟ ನಿದ್ದೆ ನೋಡಿಕೊಳ್ಳುತ್ತಾರೆ. ಗಾರ್ಡಿಯನ್ ನೋಡುವುದು ಇಡೀ ಮಗುವನ್ನು. ಶಾಲೆಗೆ ಸೇರಿಸಿದ್ರಾ, ಹಲ್ಲುನೋವು ಅಂದಿದ್ದಕ್ಕೆ ಡಾಕ್ಟರ ಹತ್ತಿರ ಕರ್ಕೊಂಡು ಹೋದ್ರಾ, ವಿಚಾರಣೆಯಲ್ಲಿ ದುಭಾಷಿ ಸರಿಯಾಗಿ ಹೇಳ್ತಿದ್ದಾರಾ, ತಮ್ಮನನ್ನ ಬೇರೆ ಊರಿಗೆ ಯಾಕೆ ಹಾಕಿದ್ರು ಅಂತ ಕೇಳುವವರು ಇವರು. ನೆದರ್‌ಲೆಂಡ್ಸ್‌ನಲ್ಲಿ ಒಂಟಿಯಾಗಿ ಬಂದ ಮಕ್ಕಳಿಗೆಲ್ಲ ಗಾರ್ಡಿಯನ್ ಆಗುವುದಕ್ಕೆಂದೇ ನಿಡೋಸ್ ಅನ್ನುವ ಸಂಸ್ಥೆ ಇದೆ. ಇಟಲಿಯಲ್ಲಿ ಸಮುದ್ರ ದಾಟಿ ಬಂದ ಮಕ್ಕಳು ಎಷ್ಟಿದ್ದರು ಅಂದರೆ ಹಳೆಯ ಪದ್ಧತಿಯಲ್ಲಿ ಊರಿನ ಮೇಯರ್ ಒಬ್ಬರ ಹೆಸರಿನಲ್ಲೇ ಹತ್ತಾರು ಮಕ್ಕಳಿರುತ್ತಿದ್ದರು, ಅಂದರೆ ಬರೀ ಹೆಸರಿಗೆ ಗಾರ್ಡಿಯನ್. 2017ರಲ್ಲಿ ಅಲ್ಲಿ ಜಾಂಪಾ ಕಾನೂನು ಬಂತು. ಒಂಟಿ ಮಕ್ಕಳನ್ನು ಗಡಿಯಿಂದಲೇ ಹಿಂದಕ್ಕೆ ತಳ್ಳಬಾರದು ಅಂದಿತು. ಸಾಮಾನ್ಯ ಜನರೂ ತರಬೇತಿ ಪಡೆದು, ಕೋರ್ಟಿನ ನೇಮಕದಿಂದ ಇಂಥ ಮಕ್ಕಳ ಗಾರ್ಡಿಯನ್ ಆಗಲು ದಾರಿ ಮಾಡಿಕೊಟ್ಟಿತು. ಒಬ್ಬ ಶಿಕ್ಷಕಿ, ಒಬ್ಬ ನಿವೃತ್ತ ನೌಕರ ಒಂದೋ ಎರಡೋ ಮಕ್ಕಳ ಬೆನ್ನಿಗೆ ನಿಲ್ಲುವಂತಾಯಿತು. ಬೇರೆ ದೇಶಗಳೂ ಕಲಿಯಬಹುದಾದದ್ದು ಇದರಲ್ಲಿ ಬಹಳ ಇದೆ.

ಇರಲು ಜಾಗದ ವಿಷಯದಲ್ಲಿ ಮಾತು ಸರಳ. ದೊಡ್ಡ ಹಾಸ್ಟೆಲ್‌ಗಿಂತ ಮನೆ ಒಳ್ಳೆಯದು. ಗೊತ್ತಿರುವ ಭಾಷೆ ಆಡುವ ಮನೆಯಾದರೆ ಇನ್ನೂ ಒಳ್ಳೆಯದು. ಒಡಹುಟ್ಟಿದವರನ್ನು ಯಾವ ಕಾರಣಕ್ಕೂ ಬೇರೆ ಮಾಡಬಾರದು. ಎಲ್ಲ ಕಳೆದುಕೊಂಡು ಬಂದ ಹುಡುಗಿಗೆ ಉಳಿದಿರುವುದು ತಮ್ಮ ಒಬ್ಬನೇ, ಅಲ್ವಾ?

ವಯಸ್ಸಿನ ಪ್ರಶ್ನೆ ಇಷ್ಟು ಸರಳವಲ್ಲ. 18 ಆಗಿಲ್ಲ ಅಂದರೆ ಈ ಎಲ್ಲ ರಕ್ಷಣೆ ಸಿಗುತ್ತದೆ, ಆಗಿದೆ ಅಂದರೆ ಇಲ್ಲ. ಕೈಯಲ್ಲಿ ಕಾಗದವಿಲ್ಲದ ಹುಡುಗನ ವಯಸ್ಸು ತಿಳಿಯುವುದು ಹೇಗೆ? ಹಲವು ದೇಶಗಳು ಮಣಿಕಟ್ಟಿನ ಎಕ್ಸ್‌ರೇ ತೆಗೆಯುತ್ತವೆ. ಅದನ್ನು ಹೋಲಿಸಿ ನೋಡುವ ಹೆಸರಾಂತ ಎಕ್ಸ್‌ರೇ ಪುಸ್ತಕ ತಯಾರಾದದ್ದು 1930ರ ದಶಕದ ಆಸುಪಾಸಿನಲ್ಲಿ ತೆಗೆದ, ಅಮೆರಿಕದ ಒಂದೇ ನಗರದ ಅನುಕೂಲಸ್ಥ ಬಿಳಿಯ ಮಕ್ಕಳ ಚಿತ್ರಗಳಿಂದ. ಬಡತನದಲ್ಲಿ, ಹಸಿವಿನಲ್ಲಿ, ಬೇರೆ ಖಂಡದಲ್ಲಿ ಬೆಳೆದ ಹುಡುಗನ ಮೂಳೆ ಅದೇ ವೇಗದಲ್ಲಿ ಬಲಿಯಬೇಕು ಅಂತೇನಿಲ್ಲ. ಫಲಿತಾಂಶ ಎರಡು ವರ್ಷದವರೆಗೂ ಆಚೀಚೆ ಆಗಬಹುದು. 16ರ ಹುಡುಗನನ್ನು 18 ಅಂತ ಬರೆದರೆ ಅವನು ದೊಡ್ಡವರ ಬಂಧನ ಕೇಂದ್ರಕ್ಕೆ ಹೋಗುತ್ತಾನೆ. ಅದಕ್ಕೇ ಅನುಮಾನ ಇದ್ದಾಗ ಮಗು ಅಂತಲೇ ನಡೆಸಿಕೊಳ್ಳಿ ಅನ್ನುವುದು ವಿಶ್ವಸಂಸ್ಥೆಯ ಸಮಿತಿಗಳ ನಿಲುವು. ಸರಿಯಾದ ನಿಲುವು. ದೊಡ್ಡವನೊಬ್ಬ ಕೆಲವು ತಿಂಗಳು ಮಕ್ಕಳ ಜಾಗದಲ್ಲಿದ್ದರೆ ಅದನ್ನು ಮೇಲ್ವಿಚಾರಣೆಯಿಂದ ಸಂಭಾಳಿಸಬಹುದು. ಮಗುವೊಂದು ಬಂಧನ ಕೇಂದ್ರದಲ್ಲಿ ದೊಡ್ಡವರ ನಡುವೆ ಇದ್ದರೆ ಆಗುವ ಗಾಯವನ್ನು ಆಮೇಲೆ ಸರಿಪಡಿಸಲಾಗದು.

ಬಂಧನದ ವಿಷಯಕ್ಕೆ ಬಂದರೆ, 2019ರ ವಿಶ್ವಸಂಸ್ಥೆಯ ಜಾಗತಿಕ ಅಧ್ಯಯನದ ಪ್ರಕಾರ ವಲಸೆಯ ಕಾರಣಕ್ಕೆ ವರ್ಷಕ್ಕೆ ಕನಿಷ್ಠ 3.3 ಲಕ್ಷ ಮಕ್ಕಳನ್ನು ಕೂಡಿಹಾಕಲಾಗುತ್ತಿತ್ತು. ಈ ಮಕ್ಕಳು ಯಾವ ಅಪರಾಧವನ್ನೂ ಮಾಡಿದವರಲ್ಲ. ಕೆಲವೇ ದಿನ ಕೂಡಿಹಾಕಿದರೂ ನಿದ್ದೆ ಕೆಡುತ್ತದೆ, ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುತ್ತದೆ, ಮಾತು ನಿಂತುಹೋಗುತ್ತದೆ. ತನ್ನ ಅಥವಾ ಅಪ್ಪ ಅಮ್ಮನ ವಲಸೆಯ ಕಾರಣಕ್ಕೆ ಮಗುವನ್ನು ಬಂಧಿಸುವುದು ಎಂದಿಗೂ ಅದರ ಹಿತವಲ್ಲ ಅಂತ 2017ರಲ್ಲಿ ವಿಶ್ವಸಂಸ್ಥೆಯ ಎರಡು ಸಮಿತಿಗಳು ಒಟ್ಟಾಗಿ ಸ್ಪಷ್ಟವಾಗಿ ಹೇಳಿದವು. ಕೇಸು ಮುಗಿಯುವ ತನಕ ಎಲ್ಲಿಡುವುದು ಅಂತ ಸರ್ಕಾರಗಳು ಕೇಳುತ್ತವೆ. ಉತ್ತರ ಇದೆ. ಕುಟುಂಬ ಹೊರಗೇ ಇದ್ದು ಆಗಾಗ ಹಾಜರಿ ಹಾಕಬಹುದು, ಒಬ್ಬ ಕಾರ್ಯಕರ್ತೆ ಕೇಸಿನ ಉದ್ದಕ್ಕೂ ಜೊತೆಗಿರಬಹುದು. ಥಾಯ್ಲೆಂಡ್ 2019ರಲ್ಲಿ ಮಕ್ಕಳನ್ನು ಬಂಧನ ಕೇಂದ್ರಗಳಿಂದ ಹೊರಗಿಡಲು ಇಲಾಖೆಗಳ ನಡುವೆ ಒಪ್ಪಂದ ಮಾಡಿಕೊಂಡಿತು. ಮೆಕ್ಸಿಕೊ 2020ರಲ್ಲಿ ಕಾನೂನನ್ನೇ ತಿದ್ದಿ ವಲಸೆ ಮಕ್ಕಳ ಬಂಧನವನ್ನು ನಿಷೇಧಿಸಿತು. ಜಾರಿ ಎಲ್ಲ ಕಡೆ ಒಂದೇ ಸಮ ಇಲ್ಲ, ಆದರೆ ಇದು ಆಗದ ಮಾತಲ್ಲ ಅಂತ ಗೊತ್ತಾಗಿದೆ.

ಕಾಗದವಿಲ್ಲದ ಕುಟುಂಬಗಳು ಆಸ್ಪತ್ರೆ, ಶಾಲೆಗೆ ಬರಲು ಹೆದರುತ್ತವೆ. ಹೆಸರು ಬರೆಸಿದರೆ ಪೊಲೀಸರು ಮನೆಗೆ ಬರಬಹುದು ಅನ್ನುವ ಭಯ. ಈ ಭಯ ಇರುವ ತನಕ ಹೊಡೆತ ತಿಂದ ಮಗುವೂ ದೂರು ಕೊಡುವುದಿಲ್ಲ. ಹಾಗಾಗಿ ಶಾಲೆ ಆಸ್ಪತ್ರೆಗಳಲ್ಲಿ ಬರೆದುಕೊಂಡದ್ದು ವಲಸೆ ಇಲಾಖೆಗೆ ಹೋಗದಂತೆ ನಡುವೆ ಗಟ್ಟಿ ಗೋಡೆ ಇರಬೇಕು. ಮನೆಯವರನ್ನು ಹುಡುಕುವ ಕಡತಗಳಿಗೂ ಇದೇ ಮಾತು. ಯಾವ ಸರ್ಕಾರಕ್ಕೆ ಹೆದರಿ ಕುಟುಂಬ ಓಡಿ ಬಂದಿದೆಯೋ ಅದರ ಕೈಗೇ ಮಗುವಿನ ಊರು, ಅಪ್ಪನ ಹೆಸರು ಸಿಕ್ಕರೆ ಊರಲ್ಲಿ ಉಳಿದ ಅಜ್ಜಿಯ ಗತಿ ಏನು?

ಶಾಲೆಯನ್ನು ನಾನು ರಕ್ಷಣೆಯ ಪಟ್ಟಿಯಲ್ಲೇ ಇಡುತ್ತೇನೆ. ಶಾಲೆಗೆ ಹೋಗುವ ಮಗುವನ್ನು ದಿನಾ ಒಬ್ಬರು ನೋಡುತ್ತಾರೆ. ಬಾರದಿದ್ದರೆ ಯಾಕೆ ಬರಲಿಲ್ಲ ಅಂತ ಕೇಳುತ್ತಾರೆ. ಸಿರಿಯಾದಿಂದ ಜನ ಓಡಿ ಬಂದಾಗ ಲೆಬನಾನ್, ಜೋರ್ಡಾನ್ ದೇಶಗಳು ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಪಾಳಿ ತೆರೆದವು. ಬೆಳಿಗ್ಗೆ ಆ ಊರಿನ ಮಕ್ಕಳು, ಮಧ್ಯಾಹ್ನ ಸಿರಿಯಾದ ಮಕ್ಕಳು. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಮ್ಯಾನ್ಮಾರ್‌ನಿಂದ ಬಂದು ಸೇರಿದರು. ಅಲ್ಲಿನ ಕಲಿಕಾ ಕೇಂದ್ರಗಳಲ್ಲಿ ವರ್ಷಗಳ ಕಾಲ ಯಾವ ದೇಶದ ಪಠ್ಯಕ್ರಮವೂ ಇರಲಿಲ್ಲ. ಮ್ಯಾನ್ಮಾರ್ ಪಠ್ಯವನ್ನು ಕಲಿಸಲು ಶುರು ಮಾಡಿದ್ದು 2021ರ ಕೊನೆಗೆ. ಮುಂದೆ ಎಲ್ಲೂ ಲೆಕ್ಕಕ್ಕೆ ಬಾರದ ಪಾಠ ಕಲಿತ ಮಗು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಜನನ ಪ್ರಮಾಣಪತ್ರದ್ದೂ ಇದೇ ಕಥೆ. ದಾರಿಯಲ್ಲಿ, ಶಿಬಿರದಲ್ಲಿ ಹುಟ್ಟಿದ ಮಗುವಿನ ಹೆಸರು ಎಲ್ಲೂ ಬರೆಯದೆ ಹೋದರೆ ಅದು ಯಾವ ದೇಶದ್ದೂ ಅಲ್ಲದೆ ಬೆಳೆಯಬಹುದು. 2019ರ ಆಗಸ್ಟ್‌ನಲ್ಲಿ ಕೊಲಂಬಿಯಾ ಒಂದು ದೊಡ್ಡ ಮನಸ್ಸಿನ ಕೆಲಸ ಮಾಡಿತು. ತನ್ನ ನೆಲದಲ್ಲಿ ವೆನಿಜುವೆಲಾದ ವಲಸಿಗರಿಗೆ ಹುಟ್ಟಿದ 24,000ಕ್ಕೂ ಹೆಚ್ಚು ಮಕ್ಕಳಿಗೆ ಪೌರತ್ವ ಕೊಡಲು ತೀರ್ಮಾನಿಸಿತು.

ಒಂದು ಮಾತು ಒತ್ತಿ ಹೇಳಬೇಕು. ಮಕ್ಕಳ ದುಡಿತ, ಬಾಲ್ಯವಿವಾಹ ತಡೆಯಲು ಜಾಗೃತಿ ಶಿಬಿರ ಮಾಡುವುದು ಸುಲಭ. ಆದರೆ ಅಪ್ಪನಿಗೆ ಕೆಲಸ ಮಾಡಲು ಅನುಮತಿಯೇ ಇಲ್ಲದ ದೇಶದಲ್ಲಿ 12ರ ಮಗ ಗ್ಯಾರೇಜಿಗೆ ಹೋಗುತ್ತಾನೆ. ಅಪ್ಪನನ್ನು ಹಿಡಿದರೆ ಗಡಿಪಾರು, ಹುಡುಗನನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಬಾಡಿಗೆ ಕಟ್ಟಲಾಗದ ಮನೆಯಲ್ಲಿ 15ರ ಮಗಳಿಗೆ ಗಂಡು ಹುಡುಕುತ್ತಾರೆ. ಅವರಿಗೆ ಮಗಳ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಜೋರ್ಡಾನ್ 2016ರಲ್ಲಿ ಸಿರಿಯಾದವರಿಗೆ ಕೆಲಸದ ಪರವಾನಗಿ ಕೊಡಲು ಶುರು ಮಾಡಿತು. ಎರಡು ಲಕ್ಷ ಕೆಲಸದ ಗುರಿ ಇಟ್ಟುಕೊಂಡಿತ್ತು. ಗುರಿ ಸುಲಭವಾಗಿ ಕೈಗೂಡಲಿಲ್ಲ, ಆದರೆ ದಿಕ್ಕು ಸರಿಯಿತ್ತು. ದೊಡ್ಡವರ ಕೈಗೆ ಕೆಲಸ ಕೊಡುವುದು ಮಕ್ಕಳ ರಕ್ಷಣೆಯ ಬಜೆಟ್‌ನಲ್ಲಿ ಕಾಣುವುದಿಲ್ಲ. ಕಾಣಬೇಕು.

ಕೊನೆಗೆ 18ನೇ ಹುಟ್ಟುಹಬ್ಬ. ಒಂಟಿಯಾಗಿ ಬಂದ ಹುಡುಗ ಎರಡು ಮೂರು ವರ್ಷದಲ್ಲಿ ಭಾಷೆ ಕಲಿತು, ಶಾಲೆ ಸೇರಿ, ಒಬ್ಬ ಗಾರ್ಡಿಯನ್ನನ್ನು ನಂಬಲು ಶುರು ಮಾಡಿರುತ್ತಾನೆ. ಅಂದು ಬೆಳಿಗ್ಗೆ ಎಲ್ಲ ಒಟ್ಟಿಗೆ ನಿಲ್ಲುತ್ತದೆ. ಮನೆ ಖಾಲಿ ಮಾಡಬೇಕು, ಗಾರ್ಡಿಯನ್ ಕೆಲಸ ಮುಗಿಯಿತು, ಪರವಾನಗಿ ಇಲ್ಲದೆ ಕೆಲಸ ಮಾಡುವಂತಿಲ್ಲ. ಈ ಭಯಕ್ಕೆ 17ರಲ್ಲೇ ಹಲವರು ಕೇಂದ್ರದಿಂದ ಓಡಿಹೋಗಿ ಕಳ್ಳಸಾಗಣೆಯವರ ಕೈಗೆ ಬೀಳುತ್ತಾರೆ. ಇದಕ್ಕೂ ದಾರಿ ಹುಡುಕಿದವರಿದ್ದಾರೆ. ಇಟಲಿಯ ಅದೇ ಜಾಂಪಾ ಕಾನೂನಿನಲ್ಲಿ, ಬೇಕಾದವರಿಗೆ 21 ವರ್ಷದ ತನಕ ಆಸರೆ ಮುಂದುವರಿಸಲು ಕೋರ್ಟ್ ಆದೇಶಿಸಬಹುದು. ಸ್ಪೇನ್ 2021ರಲ್ಲಿ ನಿಯಮ ತಿದ್ದಿ, ಒಂಟಿಯಾಗಿ ಬಂದ ಮಕ್ಕಳು 16 ತುಂಬಿದ ಮೇಲೆ ಕೆಲಸ ಮಾಡುವುದಕ್ಕೂ, 18 ದಾಟಿದ ಮೇಲೆ ಅಲ್ಲೇ ಉಳಿಯುವುದಕ್ಕೂ ಮೊದಲಿಗಿಂತ ಸುಲಭವಾಗಿ ಪರವಾನಗಿ ಸಿಗುವಂತೆ ಮಾಡಿತು.